ಸಂಪಿನೊಳಗೆ ಒಂದು ಗುಟುಕು

ದೆವ್ವ ಭೂತ ಕಂಡೆವೆಂದು ಯಾರಾದರೂ ಹೇಳಲು ಕೂತರೆ ನಾನು ಮೊದಲು ಕೇಳುತ್ತಿದ್ದುದು, ಅವತ್ತು ಊಟಕ್ಕೆ ಏನು ಮಾಡಿದ್ದಿರಿ ಎಂದು. ಹೊಟ್ಟೆ ಕೆಟ್ಟವರಿಗೆ ಕಾಣುವಷ್ಟು ದೆವ್ವ ಸ್ಮಶಾನ ಕಾಯುವವನಿಗೂ ಕಾಣುವುದಿಲ್ಲ ಎಂದು ನಗುತ್ತಿದ್ದೆ. ಈಗ ಹಾಗೆ ಕೇಳುವುದನ್ನು ಬಿಟ್ಟಿದ್ದೇನೆ. ಏಕೆಂದರೆ ಅವತ್ತು ನಾನು ತಿಂದದ್ದು ಬರೀ ಮೊಸರನ್ನ.

ಎಂಬತ್ತರ ದಶಕದ ಮಾತು. ಪದ್ಮನಾಭನಗರದಲ್ಲಿ ಹೊಸದಾಗಿ ಮನೆ ಕಟ್ಟಿಸಿಕೊಂಡು ಬಂದಿದ್ದೆವು. ನಾನು, ನಮ್ಮನೆಯವರು, ಅತ್ತೆ. ನಾನು ಜಯನಗರದ ಒಂದು ಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತಿದ್ದೆ. ಆ ವಾರ ಹಿಮಪ್ರದೇಶದ ಜನರ ಪಾಠ. ಆಗ ಅವರನ್ನು ಎಸ್ಕಿಮೋ ಎನ್ನುತ್ತಿದ್ದೆವು. ಇನುಯಿಟ್ ಎಂಬುದು ಅವರೇ ಇಟ್ಟುಕೊಂಡ ಹೆಸರೆಂದು ಆಮೇಲೆ ತಿಳಿಯಿತು. ಹುಲ್ಲು ಕೂಡ ಸರಿಯಾಗಿ ಬೆಳೆಯದ ಆ ನೆಲದಲ್ಲಿ ಸೀಲ್ ಎಂಬ ಕಡಲ ಪ್ರಾಣಿಯೇ ಅವರ ಹೊಲ, ಅದೇ ಅವರ ಅಂಗಡಿ. ಮಾಂಸ ಊಟಕ್ಕೆ, ಕೊಬ್ಬು ದೀಪಕ್ಕೆ, ಚರ್ಮ ಬಟ್ಟೆಗೂ ಬೂಟಿಗೂ. ಒಬ್ಬನಿಗೆ ಸಿಕ್ಕಿದ್ದು ಎಲ್ಲ ಮನೆಗೂ ಹಂಚಿಕೆಯಾಗಬೇಕು.

ಸೀಲ್ ನೀರಿನಲ್ಲಿದ್ದರೂ ಉಸಿರಾಡಲು ಗಾಳಿಯೇ ಬೇಕು. ಅದಕ್ಕಾಗಿ ಹೆಪ್ಪುಗಟ್ಟಿದ ಕಡಲಿನಲ್ಲಿ ಉಗುರಿನಿಂದ ಕೆರೆದು ಕಂಡಿ ಇಟ್ಟುಕೊಂಡಿರುತ್ತದೆ. ಬೇಟೆಗಾರ ಆ ಕಂಡಿಯ ಮೇಲೆ ಬಗ್ಗಿ, ಕಾಲು ಕೂಡ ಕದಲಿಸದೆ ಕಾಯುತ್ತಾನೆ. ಮೇಲೆ ಚೂರು ಸದ್ದಾದರೂ ಕೆಳಗೆ ಅದಕ್ಕೆ ಗೊತ್ತಾಗುತ್ತದೆ. ಕೊಂದ ಮೇಲೆ ಅದರ ಬಾಯಿಗೆ ಒಂದು ಗುಟುಕು ಸಿಹಿನೀರು ಬಿಡುತ್ತಾನೆ. ಉಪ್ಪುನೀರಿನ ಜೀವಕ್ಕೆ ಸದಾ ಬಾಯಾರಿಕೆಯಂತೆ. ನೀರು ಕೊಟ್ಟವನನ್ನು ಅದರ ಆತ್ಮ ನೆನಪಿಟ್ಟುಕೊಂಡು, ಮತ್ತೆ ಸೀಲಾಗಿ ಹುಟ್ಟಿ ಅವನಿಗೇ ಒಲಿಯುತ್ತದಂತೆ.

"ನಮ್ಮಜ್ಜಿ ಬಾಯಿಗೂ ಹಂಗೇ ನೀರು ಬಿಟ್ರು ಮಿಸ್," ಎಂದಳು ಮುಂದಿನ ಬೆಂಚಿನ ಹುಡುಗಿ. "ಆದ್ರೆ ನಮ್ಮಜ್ಜಿ ಇನ್ನೂ ಉಸಿರಾಡ್ತಿದ್ರು. ಸೀಲ್‌ಗೆ ಬದುಕಿರೋವಾಗ್ಲೇ ಯಾಕೆ ಕೊಡಲ್ಲ?"

"ಅವ್ರು ಸತ್ತ ಮೇಲೇ ಕೊಡೋದು, ಕೂತ್ಕೋ," ಎಂದೆ. ಆಮೇಲೆ ಸ್ಟಾಫ್ ರೂಮಿನಲ್ಲಿ, ನಮ್ಮಲ್ಲಿ ಕೊಂದ ಪಾಪ ತಿಂದು ಪರಿಹಾರ, ಅವರಲ್ಲಿ ಕುಡಿಸಿ ಪರಿಹಾರ ಎಂದು ಹೇಳಿ ಎಲ್ಲರನ್ನೂ ನಗಿಸಿದೆ.

ಭಾನುವಾರ ಮಧ್ಯಾಹ್ನ ಅಂಗಳದ ನೆಲದಡಿಯ ನೀರಿನ ತೊಟ್ಟಿ, ಅಂದರೆ ನಮ್ಮ ಸಂಪು, ಪೂರ್ತಿ ಖಾಲಿಯಾಗಿತ್ತು. ಉಜ್ಜಿ ತೊಳೆಯಲು ಅದೇ ಸಮಯ. ನಮ್ಮನೆಯವರು ಇಟ್ಟಮಡುವಿಗೆ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ಇದ್ದಿದ್ದರೂ ಪ್ರಯೋಜನವಿರಲಿಲ್ಲ, ಸಂಪಿನ ಬಾಯಿಗಿಂತ ಅವರ ಹೊಟ್ಟೆ ದೊಡ್ಡದು. ಅತ್ತೆ ಮಲಗಿದ್ದರು. ಹೇಳಿದರೆ ಬೇಡ ಎನ್ನುತ್ತಾರೆಂದು ಹೇಳದೆ, ಗೋಡೆಯ ಕಬ್ಬಿಣದ ಮೆಟ್ಟಿಲು ಹಿಡಿದು ಇಳಿದುಬಿಟ್ಟೆ. ಮೂಲೆಯಲ್ಲಿ ಕೂತು ಪಾಚಿ ಉಜ್ಜುತ್ತಿದ್ದಾಗ ಧಡ್ ಎಂದು ಮೇಲಿನ ಕಬ್ಬಿಣದ ಮುಚ್ಚಳ ಮುಚ್ಚಿಕೊಂಡಿತು. ಚಿಲಕ ಬಿದ್ದ ಸದ್ದೂ ಕೇಳಿಸಿತು.

ಮುಚ್ಚಳದಲ್ಲಿ ಬೆರಳು ತೂರುವಷ್ಟು ದೊಡ್ಡ ಒಂದು ತೂತಿತ್ತು. ಬೆಳಕು ಅಷ್ಟೇ. ಹತ್ತಿ ಹೋಗಿ ಕೈಯಿಂದ ನೂಕಿದರೆ ಅಂಗೈ ಸುಟ್ಟಿತು. ಬಿಸಿಲಿಗೆ ಕಬ್ಬಿಣ ಕಾದ ಹೆಂಚಾಗಿತ್ತು. ಕೂಗಿದೆ. ಅತ್ತೆಗೆ ಕಿವಿ ಮಂದ, ಅಕ್ಕಪಕ್ಕ ಇನ್ನೂ ಖಾಲಿ ಸೈಟುಗಳು. ಅಷ್ಟರಲ್ಲಿ ಕೆಳಗೆ ಪೈಪು ಗೊರಗೊರ ಎಂದಿತು. ಅವತ್ತು ನೀರು ಬರುವ ದಿನವಲ್ಲ. ಆದರೂ ಬಂತು, ಎಂದೂ ಇಲ್ಲದ ರಭಸದಲ್ಲಿ. ಉಜ್ಜುವ ಬಟ್ಟೆಯನ್ನು ಪೈಪಿಗೆ ತುರುಕಿದೆ. ಅದನ್ನು ಉಗಿದು ಮತ್ತೆ ಸುರಿಯಿತು. ನಮ್ಮ ಸಂಪಿಗೆ ಹೆಚ್ಚಾದ ನೀರು ಹೊರಹೋಗುವ ದಾರಿಯನ್ನು ಮೇಸ್ತ್ರಿ ಇಟ್ಟಿರಲಿಲ್ಲ.

ನೀರು ಸೊಂಟ ದಾಟಿ ಎದೆಗೆ ಬರುವವರೆಗೂ ಮೆಟ್ಟಿಲ ಮೇಲೆ ನಿಂತು ಸುಡುವ ಕಬ್ಬಿಣಕ್ಕೆ ತಾಗದಂತೆ ಆ ತೂತಿನ ಹತ್ತಿರ ಬಾಯಿ ತಂದು ಕೂಗುತ್ತಲೇ ಇದ್ದೆ. ಆಗ ತೂತು ಕತ್ತಲಾಯಿತು. ಯಾರೋ ಬಂದರು ಎಂದು ಜೀವ ಬಂತು. "ಅತ್ತೆ, ತೆಗೀರಿ," ಎಂದೆ. ನೆತ್ತಿಯ ಮೇಲೆ ಸುಡುತ್ತಿದ್ದ ಕಬ್ಬಿಣ ನಿಧಾನವಾಗಿ ತಣ್ಣಗಾಗುತ್ತಿತ್ತು. ಮೇಲಿದ್ದವರು ಕದಲಲಿಲ್ಲ. ಉಸಿರೂ ಕೇಳಲಿಲ್ಲ. ಆದರೆ ಬಗ್ಗಿಕೊಂಡಿದ್ದಾರೆ, ಕಾಯುತ್ತಿದ್ದಾರೆ ಎಂಬುದು ನನಗೆ ಹೇಗೋ ಗೊತ್ತಾಯಿತು.

ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಕೂಗಿದರೆ ಉಳಿಯುತ್ತೀ ಎಂದು ಬುದ್ಧಿ ಹೇಳುತ್ತಿತ್ತು. ಸದ್ದು ಮಾಡಿದರೆ ಸತ್ತೆ ಎಂದು ಮೈ ಹೇಳುತ್ತಿತ್ತು. ನಾನು ಮೈಯ ಮಾತು ಕೇಳಿದೆ. ತೂತಿನಿಂದ ಮುಖ ಸರಿಸಿ, ನೀರು ಗಲ್ಲಕ್ಕೆ ಬಂದರೂ ಗೋಡೆಗೆ ಅಂಟಿಕೊಂಡು ನಿಂತೆ. ಅಂಥ ಹೆದರಿಕೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಕೊನೆಗೆ ಮೂಗಿನವರೆಗೆ ನೀರು ಬಂತು. ಗಾಳಿಗಾಗಿ ತೂತಿಗೆ ಬಾಯಿಡಲೇಬೇಕಾಯಿತು. ಇಟ್ಟೆ.

ಮೇಲಿನಿಂದ ಬಾಯಿಗೆ ನೀರು ಬಿತ್ತು. ಒಂದೇ ಗುಟುಕು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು, ಸಿಹಿಯಾಗಿತ್ತು. ನುಂಗಿದೆ. ಆಮೇಲೆ ಸ್ವಲ್ಪ ಹೊತ್ತು ಏನಾಯಿತೋ ನನಗೆ ತಿಳಿಯದು.

ಕಣ್ಣು ಬಿಟ್ಟಾಗ ಮುಚ್ಚಳ ತೆರೆದಿತ್ತು. ಅತ್ತೆ ನನ್ನ ಜುಟ್ಟು ಹಿಡಿದು ಎಳೆಯುತ್ತಿದ್ದರು. ಅಂಗಳಕ್ಕೆ ಬಂದು ಬಿದ್ದ ಮೇಲೆ ಅವರೂ ಅತ್ತರು, ನಾನೂ ಅತ್ತೆ.

"ಮುಚ್ಚಿದ್ದು ನಾನೇ ಕಣೇ," ಎಂದರು. "ಮಧ್ಯೆ ಎದ್ದಾಗ ನೋಡಿದ್ರೆ ಸಂಪು ಬಾಯಿ ತಕ್ಕೊಂಡಿತ್ತು. ನೀನು ಎಲ್ಲೋ ಅಂಗಡಿಗೆ ಹೋಗಿದೀಯ ಅನ್ಕೊಂಡೆ. ಯಾರಾದ್ರೂ ಬಿದ್ದಾರು ಅಂತ ಚಿಲಕ ಹಾಕಿ ಮಲಗ್ಬಿಟ್ಟೆ. ಬಾಯಿ ಒಣಗಿ ಎಚ್ಚರ ಆಯ್ತು. ನೀರು ಕುಡಿದು ಹೊರಗೆ ಬಂದ್ರೆ ನಿನ್ನ ಚಪ್ಪಲಿ ಅಲ್ಲೇ ಇತ್ತು, ಎದೆ ಧಸಕ್ ಅಂತು."

"ಮೇಲೆ ಕೂತಿದ್ರಲ್ಲ ಅತ್ತೆ, ನೀರು ಬಿಟ್ರಲ್ಲ?"

"ಅದರ ಮೇಲಾ? ಸೆರಗು ಸುತ್ಕೊಂಡು ತೆಗೆದ್ರೂ ಕೈ ಸುಡ್ತು. ಯಾರು ಕೂರ್ತಾರೆ?"

ಅವರ ಬೆರಳುಗಳಲ್ಲಿ ಬೊಬ್ಬೆ ಎದ್ದಿದ್ದವು. ಮುಚ್ಚಳದ ಸುತ್ತ ಒಂದು ತೊಟ್ಟು ನೀರಿನ ಗುರುತಿರಲಿಲ್ಲ. ಹೆದರಿದವಳ ಭ್ರಮೆ, ಉಸಿರು ಕಟ್ಟಿದರೆ ಹಾಗೆ ಅನಿಸುತ್ತದೆ ಎಂದರು ನಮ್ಮನೆಯವರು. ಬೇರೆಯವರಿಗಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಆ ತಂಪು ಎರಡು ದಿನ ಹಲ್ಲಿನಲ್ಲಿತ್ತು.

ಎಷ್ಟೋ ವರ್ಷಗಳ ನಂತರ ಅತ್ತೆ ಹೋಗುವಾಗ ಅವರ ಬಾಯಿಗೆ ನೀರು ಬಿಟ್ಟವಳು ನಾನೇ. ಉಸಿರು ಇನ್ನೂ ಆಡುತ್ತಿದೆಯೇ ಎಂದು ಮೂಗಿಗೆ ಬೆರಳಿಟ್ಟು ನೋಡಿದ ಮೇಲೆಯೇ ನೀರು ಬಿಟ್ಟೆ. ಪಕ್ಕದಲ್ಲಿದ್ದವರಿಗೆ ನಾನು ಯಾಕೆ ಅಷ್ಟೊಂದು ಸಲ ನೋಡುತ್ತಿದ್ದೇನೆಂದು ಅರ್ಥವಾಗಲಿಲ್ಲ.

ಆ ಪಾಠವನ್ನು ನಿವೃತ್ತಿಯಾಗುವವರೆಗೂ ಮಾಡಿದೆ. ನೀರಿನ ವಿಷಯ ಬಂದಾಗ ಮಾತ್ರ ಬೇಗ ಬೇಗ ಓದಿ ಮುಗಿಸುತ್ತಿದ್ದೆ. ಆ ಹುಡುಗಿಗೆ ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಬದುಕಿರುವ ಸೀಲಿಗೆ ಬೇಟೆಗಾರ ನೀರು ಕೊಡುವುದಿಲ್ಲ. ನನಗೆ ಮಾತ್ರ ಕೊಟ್ಟ.