ಸಾರ್ ದೂರ ಕೂತು ಮಾಡಿದ ಆಪರೇಷನ್

ಎರಡು ಸಾವಿರದ ಇಸವಿಯ ಆಚೀಚೆ ನಾನು ಚಾಮರಾಜನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸು. ಅಲ್ಲಿದ್ದ ಸರ್ಜನ್ ಮಾತು ಕಮ್ಮಿಯ ಮನುಷ್ಯ. ಆಪರೇಷನ್ ನಡುವೆ ಬಾಯಿಬಿಟ್ಟು ಏನೂ ಕೇಳುತ್ತಿರಲಿಲ್ಲ, ಕೈ ಚಾಚುತ್ತಿದ್ದರು ಅಷ್ಟೆ. ಕತ್ತರಿ ಬೇಕೋ ದಾರ ಬೇಕೋ ನನಗೆ ತಿಳಿಯುತ್ತಿತ್ತು.

ಒಮ್ಮೆ ಗುಂಡ್ಲುಪೇಟೆ ಕಡೆಯ ಮದ್ದೂರು ಕಾಡಿನಿಂದ ಆನೆ ತಿವಿದಿದ್ದ ಫಾರೆಸ್ಟ್ ವಾಚರ್ ಒಬ್ಬನನ್ನು ಜೀಪಿನಲ್ಲಿ ತಂದರು. ಮಧ್ಯಾಹ್ನವೆಲ್ಲ ನಾವಿಬ್ಬರೂ ಅವನ ಪಕ್ಕದಲ್ಲಿ ನಿಂತೇ ಇದ್ದೆವು. ಆಮೇಲೆ ಹಿಂದಿನ ವರಾಂಡದಲ್ಲಿ ಟೀ ಕುಡಿಯುತ್ತಾ ಸಾರ್, "ಉಳ್ಕೊಂಡ ಅಲ್ವಾ ಸಿಸ್ಟರ್" ಎಂದರು. ಅವರಿಗೆ ಹೆಂಡತಿ ಮಕ್ಕಳಿದ್ದರು. ನನಗೆ ಮದುವೆಯಾಗಿರಲಿಲ್ಲ. ಮನಸ್ಸಿನಲ್ಲಿದ್ದದ್ದನ್ನು ನಾನು ಯಾರಿಗೂ ಹೇಳಲಿಲ್ಲ, ಅವರಿಗಂತೂ ಇಲ್ಲವೇ ಇಲ್ಲ.

ಕೆಲವು ವರ್ಷದ ಮೇಲೆ ಅವರು ಕೆಲಸ ಬಿಟ್ಟು ಚೆನ್ನೈಗೆ ಹೋದರು. ಅಲ್ಲಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಆಪರೇಷನ್ ಮಾಡುವ ರೋಬೋಟ್ ಬಂದಿತ್ತು, ಅದನ್ನು ಕಲಿಯುವ ಆಸೆ. ಅಪರೂಪಕ್ಕೆ ಫೋನ್ ಮಾಡುತ್ತಿದ್ದರು. ಹೊಸ ಸರ್ಜನ್ ಒಳ್ಳೆಯವರೇ, ಆದರೂ ಥಿಯೇಟರಿನ ಬಾಗಿಲು ತೆರೆದಾಗಲೆಲ್ಲ ನಾನು ತಿರುಗಿ ನೋಡುತ್ತಿದ್ದೆ.

ಆಗಲೇ ಭೀಮನಬೀಡಿನ ನಮ್ಮ ಭಾವನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾದದ್ದು. ಅಕ್ಕನ ಗಂಡ, ಲೈನ್‌ಮನ್ ಆಗಿದ್ದು ನಿವೃತ್ತಿಯಾದವರು. ಸಾರ್‌ಗೆ ಫೋನ್ ಮಾಡಿ ರಿಪೋರ್ಟ್ ಓದಿ ಹೇಳಿದೆ. "ಶುರುವಿನಲ್ಲೇ ಸಿಕ್ಕಿದೆ. ಕರ್ಕೊಂಡು ಬನ್ನಿ" ಎಂದರು.

ಚೆನ್ನೈಗೆ ಹೊರಟು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸಿಗೆ ಕಾಯುವಾಗ ಭಾವ ಕೇಳಿದರು. "ಮಿಷಿನ್ನು ಕುಯ್ದ್ರೆ ಡಾಕ್ಟ್ರು ಎಲ್ಲಿರ್ತಾರಮ್ಮಿ?"

"ಅದನ್ನ ನಡೆಸೋರೇ ಅವರು ಭಾವ."

"ಕೈಯಲ್ಲೇ ಮಾಡ್ಬುಟ್ರೆ ಆಗಕಿಲ್ವಾ?"

ಅಕ್ಕ, "ಸುಮ್ನಿರಿ, ಓಗನ" ಎಂದು ಬ್ಯಾಗು ಎತ್ತಿಕೊಂಡಳು.

ಸಾರ್ ಒಪ್ಪಿಗೆ ಕೊಡಿಸಿ ನನ್ನನ್ನು ಥಿಯೇಟರಿನೊಳಗೆ ನಿಲ್ಲಿಸಿಕೊಂಡರು. ಭಾವನ ಮೇಲೆ ಪ್ಲಾಸ್ಟಿಕ್ ಹೊದಿಸಿದ ಯಂತ್ರದ ತೋಳುಗಳು ಬಾಗಿದ್ದವು. ಸಾರ್ ಕೋಣೆಯ ಮೂಲೆಯಲ್ಲಿ, ಚಪ್ಪಲಿ ಕಳಚಿಟ್ಟು, ಪೆಡಲುಗಳ ಮೇಲೆ ಪಾದ ಇಟ್ಟು ಕೂತಿದ್ದರು. ಮುಖ ಆ ತೋಳುಗಳನ್ನು ನಡೆಸುವ ಇನ್ನೊಂದು ಯಂತ್ರದೊಳಗೆ ಮುಚ್ಚಿಹೋಗಿತ್ತು. ನನಗೆ ಕಂಡದ್ದು ಅವರ ಬೆನ್ನು ಮಾತ್ರ. ಟಿ.ವಿ. ಪರದೆಯ ಮೇಲೆ ಎಳೆ ಎಳೆಯಾದ ನರಗಳೂ ಕಾಣುತ್ತಿದ್ದವು, ಸಣ್ಣ ಚಿಮುಟ ಸೂಜಿಯನ್ನು ಮಣಿಕಟ್ಟು ತಿರುಗಿಸಿದಂತೆ ತಿರುಗಿಸುತ್ತಿತ್ತು. ಅಷ್ಟು ನಾಜೂಕಾದ ಕೆಲಸವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬೇಕಾದ್ದನ್ನು ಅವರು ಮೈಕಿನಲ್ಲಿ ಕೇಳುತ್ತಿದ್ದರು, ಬೇರೊಬ್ಬ ಹುಡುಗಿ ಅದನ್ನು ಯಂತ್ರದ ತೋಳಿಗೆ ಸಿಕ್ಕಿಸುತ್ತಿದ್ದಳು. ಗೋಡೆಗೆ ಒರಗಿ ನಿಂತೆ.

ಮುಗಿದ ಮೇಲೆ ಕಾರಿಡಾರಿನಲ್ಲಿ ಕೇಳಿದರು. "ಹೇಗಿತ್ತು ಸಿಸ್ಟರ್?"

"ರಕ್ತಾನೇ ಕಾಣಲಿಲ್ಲ ಸಾರ್."

"ನನ್ನ ಬೆನ್ನುನೋವೂ ಹೋಯ್ತು" ಎಂದು ನಕ್ಕರು. ಆಮೇಲೆ, "ಇಲ್ಲಿ ಎಲ್ಲ ಇದೆ. ಚಾಮರಾಜನಗರದಲ್ಲಿ ಯಾರಾದ್ರೂ ಪಕ್ಕದಲ್ಲಿ ಇರ್ತಿದ್ರು" ಎಂದರು. ನಾನು ಇದ್ದೆ ಎನ್ನಬೇಕೆನಿಸಿತು. ಅಷ್ಟರಲ್ಲಿ ಅವರನ್ನು ಯಾರೋ ಕರೆದರು.

ಭಾವ ಬೇಗ ಚೇತರಿಸಿಕೊಂಡರು. ಊರಿನಲ್ಲಿ ಅಂಗಿ ಎತ್ತಿ, ಕಡಲೆಕಾಳಿನಷ್ಟು ಚಿಕ್ಕ ಗಾಯದ ಗುರುತುಗಳನ್ನು ಎಲ್ಲರಿಗೂ ತೋರಿಸಿದರು. ಅರಿಸಿನದ ಹೊಲಕ್ಕೂ ಹೋಗತೊಡಗಿದರು. ಸಾರ್ ಫೋನ್ ಬರುಬರುತ್ತಾ ಕಮ್ಮಿಯಾಗಿ ನಿಂತೇ ಹೋಯಿತು. ನಾನೂ ಮಾಡಲಿಲ್ಲ, ಏನೆಂದು ಮಾಡುವುದು.

ಭೀಮನಬೀಡಿಗೆ ಹೋದಾಗಲೆಲ್ಲ ಭಾವ ವಿಚಾರಿಸುತ್ತಿದ್ದರು. "ನಿಮ್ ಡಾಕ್ಟ್ರು ಪೋನ್ ಮಾಡಿದ್ರಾ?"

"ಇಲ್ಲ ಭಾವ, ಕೆಲಸ ಇರುತ್ತೆ."

"ಒಂದ್ಸಲ ಬಂದೋಗ್ಲಿ ಅನ್ನು. ಮೊಕವ ಸರ್ಯಾಗಿ ನೋಡ್ನೇ ಇಲ್ಲ ಕಣಮ್ಮಿ."

"ಹೇಳ್ತೀನಿ" ಎನ್ನುತ್ತಿದ್ದೆ. ಅಕ್ಕ ಊಟಕ್ಕೆ ಕರೆಯುವವರೆಗೂ ಇಬ್ಬರೂ ರಸ್ತೆ ನೋಡುತ್ತಾ ಕೂತಿರುತ್ತಿದ್ದೆವು.