ಯಮನಪ್ಪನ ಗಂಜಿ ಬೇರೆಯಾದದ್ದು

ಗಡಹಿಂಗ್ಲಜದ ಕಡೆಯಿಂದ ಇಚಲಕರಂಜಿಗೆ ನೇಯಲು ಬಂದ ಯಮನಪ್ಪನಿಗೆ ಮಗ್ಗಕ್ಕಿಂತ ಗಂಜಿಯ ಮೇಲೆಯೇ ಮೋಹ. ಬಟ್ಟೆಯ ಉದ್ದಕ್ಕೆ ಹಾಯುವ ಹಾಸಿನ ನೂಲು ಮಗ್ಗದ ಹೊಡೆತಕ್ಕೆ ಹರಿಯದಿರಲೆಂದು ಗಂಜಿ ಉಣಿಸುತ್ತಾರಲ್ಲ, ಅದನ್ನು ಅವನು ಬೆರಳಲ್ಲಿ ಎಳೆದು, ಮೂಸಿ, ಒಮ್ಮೊಮ್ಮೆ ನಾಲಗೆಗೂ ಹಚ್ಚಿ ನೋಡುತ್ತಿದ್ದ. ೧೯೬೩ರಲ್ಲಿ ಮಗ್ಗಗಳ ಮಾಲೀಕ ಧನಪಾಲಣ್ಣನವರು ಗಂಜಿಯ ಶೆಡ್ಡು ತೆರೆದಾಗ ಕಾಯಿಸುವ ಕೆಲಸ ಅವನಿಗೇ ಬಂತು.

ಧನಪಾಲಣ್ಣನವರು ಜೈನರು. ಊರಲ್ಲಿ ಕೆಲವರು ಗಂಜಿಗೆ ತೊಗಲಿನಿಂದ ತೆಗೆದ ಅಂಟು ಹಾಕುತ್ತಿದ್ದರು; ಇವರ ಶೆಡ್ಡಿನಲ್ಲಿ ಅದರ ಹೆಸರೆತ್ತುವಂತಿರಲಿಲ್ಲ. ಯಮನಪ್ಪ ಮೆಕ್ಕೆಜೋಳದ ಹಿಟ್ಟಿನ ಗಂಜಿಗೆ ಜಾಲಿಯಂಟು ಬೆರೆಸಿದ. ಆದರೆ ಹಾಸು ಮಗ್ಗಕ್ಕೇರಿದ ಕೂಡಲೇ ನೂಲು ಒಣಹುಲ್ಲಿನಂತೆ ಪಟಪಟನೆ ಹರಿಯತೊಡಗಿತು.

“ಯಮನಪ್ಪಾ, ಸೋಮವಾರದ ಹಾಸೂ ಹರೀತಂದ್ರ ಶೆಡ್ಡಿಗಿ ಕೀಲಿ. ನೀ ಮತ್ತ ಮಗ್ಗಕ್ಕ,” ಎಂದರು ಧನಪಾಲಣ್ಣನವರು.

ಕಡಾಯಿಯಲ್ಲಿ ಕಾಣದ್ದು ಗಾಜಿನಲ್ಲಿ ಕಂಡೀತೆಂದು ಯಮನಪ್ಪ ರಜೆಯ ದಿನ ಸ್ವಲ್ಪ ಗಂಜಿಯನ್ನು ಖಾಲಿ ಎಣ್ಣೆ ಬಾಟಲಿಗೆ ತುಂಬಿ, ಬಿಸಿನೀರಿನ ಬೋಗುಣಿಯಲ್ಲಿಟ್ಟು ಮುಂದೆ ಕುಳಿತ. ಒಂದೇ ಬಣ್ಣದ ಗಂಜಿ ಮೆಲ್ಲಗೆ ಮಬ್ಬಾಯಿತು. ಮಬ್ಬಿನಲ್ಲಿ ಸಣ್ಣ ಹನಿಗಳು ಮೂಡಿದವು. ಹನಿ ಹನಿಯನ್ನು ಕೂಡಿಕೊಂಡಿತು. ನೋಡುನೋಡುತ್ತ ಬಿಳಿ ಗಂಜಿ ಕೆಳಗಿಳಿದು ಕಂದು ಅಂಟು ಮೇಲೆ ನಿಂತಿತು!

“ಏ ಮಲಕವ್ವಾ! ಲಗೂ ಬಾ!”

ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. “ಏನ್ರಿ, ಹಾವ ಬಂತೇನು?”

“ಯಾರೂ ಮುಟ್ಟಿಲ್ಲ, ತಾವ ಬ್ಯಾರೆ ಆಗ್ಯಾವ ನೋಡ!”

ಆತ ಬಾಟಲಿ ಅಲುಗಾಡಿಸಿದ, ಎರಡೂ ಒಂದಾದವು. ಕೆಳಗಿಟ್ಟ, ಮತ್ತೆ ಬೇರೆಯಾದವು.

“ಬೀಗರ ಹಂಗ ಅದಾವ ಬಿಡ್ರಿ. ಗಂಡಿನವ್ರು ಆ ಕಡೆ, ಹೆಣ್ಣಿನವ್ರು ಈ ಕಡೆ. ನಡಬರಕ ಓಡ್ಯಾಡವ್ರು ಇದ್ರನ ಕೂಡತಾರ,” ಎಂದು ಮಲಕವ್ವ ನಕ್ಕಳು.

ಯಮನಪ್ಪನಿಗೆ ಥಟ್ಟನೆ ಹೊಳೆಯಿತು; ತೊಡೆ ತಟ್ಟಿಕೊಂಡು ಎದ್ದುನಿಂತ. ಧನಪಾಲಣ್ಣನವರು ಬಸದಿಯಿಂದ ಬಂದು ಊದುಬತ್ತಿ ಬೆಳಗದೆ ನೂಲಿಗೆ ಗಂಜಿ ಉಣಿಸುವ ಯಂತ್ರ ಹೊರಡುತ್ತಿರಲಿಲ್ಲ. ಅವರು ಬರುವುದರೊಳಗೆ ಎಲ್ಲ ಸಿದ್ಧವಿರಲೆಂದು ಅವನು ಗಂಜಿ ಕಾಯಿಸಿ, ಬಟ್ಟೆ ಮುಚ್ಚಿ, ಪೂಜೆಗೆ ಮುನ್ನ ಸೌಟೂ ಅದ್ದದೆ ಕೈಕಟ್ಟಿ ನಿಲ್ಲುತ್ತಿದ್ದ. ಆ ಭಕ್ತಿಯಲ್ಲೇ ಗಂಜಿ ಒಡೆಯುತ್ತಿತ್ತು; ಮೇಲಿನಿಂದ ಮೊಗೆದು ಯಂತ್ರದ ತೊಟ್ಟಿಗೆ ಸುರಿದರೆ ನೂಲಿಗೆ ಸಿಗುತ್ತಿದ್ದುದು ಬರಿಯ ಗಡಸು ಅಂಟು!

ಸೋಮವಾರ ಧನಪಾಲಣ್ಣನವರು ಬಂದಾಗ ಯಮನಪ್ಪ ಬೆವರು ಸುರಿಸುತ್ತ ಕಡಾಯಿ ತಿರುವುತ್ತಿದ್ದ.

“ಏನೋ, ಇವತ್ತ ನಮಸ್ಕಾರನೂ ಇಲ್ಲ?”

“ಕೈ ಬಿಟ್ರ ಅಗಲತಾವ್ರಿ ಅಣ್ಣಾರ! ನೀವ ಲಗೂ ಬೆಳಗ್ರಿ!”

ಧನಪಾಲಣ್ಣನವರು ಬೆರಗಾಗಿ ಕಡಾಯಿಗೂ ತಿರುವುವವನಿಗೂ ಸೇರಿಸಿಯೇ ಊದುಬತ್ತಿ ಬೆಳಗಿದರು. ಯಂತ್ರ ಹೊರಟಿತು. ಮರುದಿನ ಆ ಹಾಸು ಮಗ್ಗಕ್ಕೇರಿತು. ಧನಪಾಲಣ್ಣನವರು ನೂಲು ಹರಿಯುವುದನ್ನೇ ಕಾಯುತ್ತ ಪಕ್ಕದಲ್ಲಿ ನಿಂತರು. ಮಗ್ಗ ಖಟಖಟ ಎನ್ನುತ್ತಲೇ ಇತ್ತು. ಬಟ್ಟೆ ಮೊಳಮೊಳವಾಗಿ ಇಳಿಯುತ್ತಲೇ ಇತ್ತು.

ಅವರು ನೆಟ್ಟಗೆ ಶೆಡ್ಡಿಗೆ ಬಂದು, ಕೋಟು ಬಿಚ್ಚಿ ಗೂಟಕ್ಕೆ ಸಿಕ್ಕಿಸಿ, ಯಮನಪ್ಪನ ಕೈಯಿಂದ ಗಂಜಿ ತಿರುವುವ ಹುಟ್ಟು ಇಸಿದುಕೊಂಡರು. “ಸರಿ ಅತ್ಲಾಗ. ಚಾ ಕುಡದ ಬಾ, ಅಲ್ಲೀತನಾ ನಾ ತಿರುವತೇನಿ.”

ಯಮನಪ್ಪ ಚಹಾದಂಗಡಿಯನ್ನು ತಿರುಗಿಯೂ ನೋಡದೆ ಮಲಕವ್ವನಿಗೆ ಹೇಳಲು ಮನೆಯ ಕಡೆಗೆ ಓಡಿದ.