ಕೆಂಪು ಬಾಣ ತೋರಿಸಿದ ಜಾಗ

ಕಳೆದ ವಾರ ಇಳಕಲ್‌ನಲ್ಲಿ ಒಂದು ಅಪರೂಪದ ದೃಶ್ಯ ಕಂಡೆ. ಸೀರೆ ಅಂಗಡಿಯ ಮಹಡಿಯ ಮೇಲೆ ಸಣ್ಣ ಕಂಪ್ಯೂಟರ್ ಕ್ಲಾಸು. ಆರು ಮಷಿನ್. ಆರರಲ್ಲೂ ಪರದೆ ನನ್ನ ಪುಸ್ತಕದ ಚಿತ್ರದಂತೆಯೇ ಇತ್ತು! ಪುಟದ ಕೆಂಪು ಬಾಣ ಎಲ್ಲಿ ತೋರಿಸುತ್ತದೋ, ಬಟನ್ ಸರಿಯಾಗಿ ಅಲ್ಲೇ.

ಇದರಲ್ಲೇನು ಅಪರೂಪ ಅನ್ನುತ್ತೀರಾ? ಸಾಫ್ಟ್‌ವೇರ್ ಬಗ್ಗೆ ಪುಸ್ತಕ ಬರೆದವರನ್ನು ಕೇಳಿ ನೋಡಿ.

ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತನಾದವನು. ಬೆಳಕು ಹರಿಯುವ ಮೊದಲೇ ಸ್ನಾನ, ಆಮೇಲೆ ಮೇಜು, ಎರಡು ಪುಟ ಮುಗಿಯುವವರೆಗೆ ಚಹಾ ಇಲ್ಲ. ಈ ಶಿಸ್ತಿನಲ್ಲೇ ಅಂಗಡಿ, ಸಂಘಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಒಂದರ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದೆ. ತಿದ್ದಿ, ಮತ್ತೆ ತಿದ್ದಿ, ಈಗ ಮೂರನೇ ಮುದ್ರಣ. ಪ್ರತಿ ಸಲವೂ ಒಂದೇ ಕಥೆ. ಪುಸ್ತಕ ಬೈಂಡಿಂಗಿನಲ್ಲಿರುವಾಗಲೇ ಕಂಪನಿ ಹೊಸ ವರ್ಶನ್ ಬಿಡುತ್ತದೆ. ಬಟನ್ ಬಲಕ್ಕೆ ಸರಿಯುತ್ತದೆ, ನನ್ನ ಬಾಣ ಎಡಕ್ಕೇ ಉಳಿಯುತ್ತದೆ. (ಒಂದು ಬಟನ್ನಿಗೆ ಕೂತಲ್ಲಿ ಕೂರಲು ಏನು ಕಷ್ಟ?)

ಹೆಂಡತಿಯ ಮಾತು ಬೇರೆ. “ಹಾಲು ಒಡದ್ರ ಸಕ್ಕರಿ ಹಾಕ್ಕೊಂಡರ ತಿನ್ನಬಹುದು. ನಿಮ್ಮ ಪುಸ್ತಕ ಕೆಟ್ರ ಏನ್ ಮಾಡೂದ್ರಿ?”

ಪುಸ್ತಕದ ಮಾತು ಬಿಡಿ. ನಿಮ್ಮ ಮೊಬೈಲೇ ಬೆಳಿಗ್ಗೆ ಎದ್ದು ನೋಡಿದರೆ ಬೇರೆ ಮುಖ ಹೊತ್ತಿರುವುದಿಲ್ಲವೇ? ಕಲಿತದ್ದನ್ನು ನಾಲ್ಕು ದಿನ ನೆಮ್ಮದಿಯಿಂದ ಬಳಸೋಣವೆಂದರೆ ಆಗದು. ಕಲಿತದ್ದನ್ನೇ ಮತ್ತೆ ಕಲಿಯಬೇಕು. ದಣಿವಾಗುವುದು ಕೆಲಸದಿಂದಲ್ಲ, ಇದರಿಂದ.

ಹಾಗಾಗಿ ಇಳಕಲ್‌ನ ಆ ಆರು ಪರದೆ ಕಂಡು ಕಣ್ಣು ತಂಪಾಯಿತು. ಕ್ಲಾಸು ನಡೆಸುವ ಮಹಾದೇವಿಯವರನ್ನು ಕೇಳಿದೆ, “ಇದು ಹ್ಯಾಂಗ್ರಿ?”

“ಇಂಟರ್ನೆಟ್ ವೈರ್ ಕಿತ್ತ ಇಟ್ಟೇನ್ರಿ ಸರ್. ಅಪ್‌ಡೇಟ್ ಆದ್ರ ನಿಮ್ಮ ಪುಸ್ತಕ ಸುಳ್ಳ ಆಗ್ತೈತಲ್ರಿ!”

ಯಾವ ಲೇಖಕನಿಗೆ ಇಂಥ ಓದುಗರು ಸಿಕ್ಕಾರು? ಪುಸ್ತಕ ಉಳಿಯಲೆಂದು ಲೋಕವನ್ನೇ ನಿಲ್ಲಿಸಿಬಿಟ್ಟಿದ್ದಾರೆ! ಒಂದು ಗಳಿಗೆ ಹಿಗ್ಗಿದೆ.

ಒಂದೇ ಗಳಿಗೆ. ಕಿಟಕಿಯ ಪಕ್ಕದ ಮಷಿನ್ನಿನ ಮುಂದೆ ರೇಣುಕಾ ಎಂಬ ಹುಡುಗಿ ಕೂತಿದ್ದಳು. ಬಿ.ಕಾಂ. ಮುಗಿಸಿದವಳು. ಹೋದ ತಿಂಗಳು ಬಾಗಲಕೋಟೆಯ ಒಂದು ಆಫೀಸಿನಲ್ಲಿ ಕೆಲಸಕ್ಕೆಂದು ಕಂಪ್ಯೂಟರ್ ಟೆಸ್ಟ್ ಕೊಟ್ಟು ಬರಿಗೈಲಿ ಬಂದಿದ್ದಳು.

“ಅಕಿ ಗಾಬರಿ ಆಗಿರಬೇಕ್ರಿ” ಅಂದರು ಮಹಾದೇವಿ.

“ಗಾಬರಿ ಅಲ್ರಿ ಟೀಚರ್” ಅಂದು ಹುಡುಗಿ ನನ್ನ ಕಡೆ ತಿರುಗಿದಳು. “ಅವರದು ಹೊಸ ವರ್ಶನ್ ಇತ್ರಿ. ನಿಮ್ಮ ಬಾಣ ಇದ್ದಲ್ಲೇ ಒತ್ತಿದ್ನಿ ಸರ್. ಅಲ್ಲಿ ಏನೂ ಇರಲಿಲ್ರಿ.”

“ಮತ್ತ ಏನ್ ಮಾಡಿದಿ?”

“ಮತ್ತೊಮ್ಮೆ ಅಲ್ಲೇ ಒತ್ತಿದ್ನಿ.”

ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು. ಸೋಮವಾರ ಕಮತಗಿಯ ಸಂಘವೊಂದರಲ್ಲಿ ಅವಳಿಗೆ ಇನ್ನೊಂದು ಟೆಸ್ಟ್ ಇತ್ತು. “ಇದೂ ಆಗಲಿಲ್ಲಂದ್ರ ಕ್ಲಾಸ್ ಬಿಡಿಸ್ತೇನಿ ಅಂದಾಳ್ರಿ ನಮ್ಮವ್ವ” ಅಂದಳು.

ವೈರ್ ಹಚ್ಚಲು ಹೇಳಿದೆ. ಮಹಾದೇವಿ ಹಿಂದೆಮುಂದೆ ನೋಡಿದರು. “ಸರ್, ಮುಂದಿನ ಬ್ಯಾಚಿಗೂ ನಿಮ್ಮ ಪುಸ್ತಕಾನ ತರಿಸೇನ್ರಿ...”

“ಇರಲಿ. ಹಚ್ರಿ.”

ಹಚ್ಚಿದರು. ನಾವು ಚಹಾ ಕುಡಿಯುವಷ್ಟರಲ್ಲಿ ಆರೂ ಪರದೆ ಬದಲಾದವು. ಮೂರನೇ ಮುದ್ರಣ ನನ್ನ ಕಣ್ಣೆದುರೇ ಮುದುಕಾಯಿತು. (ನಾನಾದರೂ ಇಷ್ಟು ಬೇಗ ಆಗಿರಲಿಲ್ಲ.)

ರೇಣುಕಾಳ ಕೈಯಿಂದ ಪುಸ್ತಕ ತೆಗೆದು ಮುಚ್ಚಿಟ್ಟೆ. “ಎಲ್ಲೈತಿ ಅಂತ ಹುಡುಕಬ್ಯಾಡ. ನಿನಗ ಏನ್ ಬೇಕು, ಅದನ್ನ ಮೊದಲ ಹೇಳು.”

“ಇವತ್ತಿನ ಜಮಾ-ಖರ್ಚು ಪ್ರಿಂಟ್ ಬೇಕ್ರಿ.”

“ಅದು ಯಾವ ಮನಿಯಾಗ ಇರಬಹುದು? ಒಂದೊಂದ ಬಾಗಿಲಾ ತೆಗೆದು ನೋಡು.”

ಒಂದೊಂದೇ ಮೆನು ತೆಗೆದಳು, ತಪ್ಪಿದಳು, ಮತ್ತೆ ತೆಗೆದಳು. ಸಂಜೆಯಾಗುವ ಹೊತ್ತಿಗೆ ಏನು ಕೇಳಿದರೂ ತಾನೇ ಹುಡುಕಿ ತೆಗೆಯುತ್ತಿದ್ದಳು.

ವಾಪಸು ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಜನ ಅಲ್ಲಿಯ ಹೆಸರಾದ ಸಿಹಿ, ಕರದಂಟು ಕೊಳ್ಳಲೆಂದು ಇಳಿದರು. ನಾನು ಸೀಟಿನಲ್ಲೇ ಕೂತು ಪ್ರಕಾಶಕರಿಗೆ ಫೋನ್ ಮಾಡಿ ಹೇಳಿದೆ, ನಾಲ್ಕನೇ ಮುದ್ರಣದಲ್ಲಿ ಬಾಣ ಇಲ್ಲ, ಪರದೆಯ ಚಿತ್ರ ಇಲ್ಲ, ಬರೀ ತಿಳಿವಳಿಕೆ.

“ಏನ್ರಿ ಸರ್, ಬಾಣ ನೋಡೇ ಮಂದಿ ಪುಸ್ತಕ ತೊಗೋತಾರ! ಬರೇ ತಿಳಿವಳಿಕೆ ಯಾರಿಗೆ ಬೇಕಾಗೈತ್ರಿ?”

ನಾನು ಜಗ್ಗಲಿಲ್ಲ. ಮರುದಿನ ಬೆಳಿಗ್ಗೆಯೇ ಮೇಜಿಗೆ ಕೂತೆ. ಬಾಣಗಳನ್ನು ಒಂದೊಂದಾಗಿ ಕಿತ್ತೆ. ಬೇಸಿಗೆಯಿಡೀ ಕೂತು ಹಾಕಿದ ಬಾಣಗಳು. ಸೋಮವಾರದ ಹೊತ್ತಿಗೆ ಅರ್ಧ ಪುಸ್ತಕ ಬೋಳಾಗಿತ್ತು.

ಅಂದು ಸಂಜೆ ರೇಣುಕಾಳ ಫೋನ್.

“ಸರ್, ಕೆಲಸಾ ಆತ್ರಿ! ನಾಡಿದ್ದಿನಿಂದ ಬಾ ಅಂದಾರ್ರಿ!”

“ಶಾಬಾಸ್! ಹೊಸ ವರ್ಶನ್ ತ್ರಾಸ ಕೊಡಲಿಲ್ಲ ಹೌದಿಲ್ಲೋ?”

“ಹೊಸದು ಎಲ್ಲೈತ್ರಿ ಸರ್? ಅಲ್ಲಿ ಇನ್ನೂ ಹಳೇದ ಐತಿ. ನಿಮ್ಮ ಬಾಣ ತೋರಿಸಿದಲ್ಲೇ ಇತ್ರಿ ಎಲ್ಲಾ!”

ನಗಬೇಕೆನಿಸಿತು, ಆಗಲಿಲ್ಲ. ಹುಡುಗಿಗೆ ಒಳ್ಳೆಯದಾಯಿತು, ಅಷ್ಟು ಸಾಕು. ಆದರೆ ಮೇಜಿನ ಮೇಲೆ ಅರ್ಧ ಬಾಣವುಳ್ಳ, ಅರ್ಧ ಬಾಣವಿಲ್ಲದ ಪುಸ್ತಕ ಕೂತಿದೆ.

ನೀವೇ ಹೇಳಿ, ನಾಲ್ಕನೇ ಮುದ್ರಣವನ್ನು ಬಾಗಲಕೋಟೆಗಾಗಿ ಬರೆಯಲೋ, ಕಮತಗಿಗಾಗಿ ಬರೆಯಲೋ?